ಚುಚ್ಚಿ ನೋಡಿದ ಗೋಡೆ

ಜಾವಳಿ

ನನಗೆ ಪರದೇಶ ತೋರಿಸಿದ್ದು ಬೂಷ್ಟು. ನಗಬೇಡಿ, ನಿಜವಾಗಿಯೂ ಗೋಡೆಗೆ ಹಿಡಿಯುವ ಬೂಷ್ಟು.

ಕಾಫಿಯ ಬೆಲೆ ನೆಲಕಚ್ಚಿ, ನಮ್ಮ ಮೂಡಿಗೆರೆ ಕಡೆಯ ಎಸ್ಟೇಟಿನವರು ಒಬ್ಬರ ಹಿಂದೊಬ್ಬರು ಹೋಂಸ್ಟೇ ಬೋರ್ಡು ತೂಗುಹಾಕಿದ ವರ್ಷಗಳವು. ಜಾವಳಿಯ ಮಂಜಪ್ಪಗೌಡ್ರಿಗೂ ಆಸೆಯಾಯಿತು. ಆದರೆ ಎಲ್ಲರ ಹಾಗೆ ಕಾಂಕ್ರೀಟಿನ ಡಬ್ಬ ಬೇಡ, ‘ಗ್ರೀನ್ ಬಿಲ್ಡಿಂಗ್’ ಬೇಕು ಅಂದರು. ಯಾವುದೋ ಪತ್ರಿಕೆಯಲ್ಲಿ ಓದಿದ್ದರು. ಕಂಟ್ರಾಕ್ಟರ್ ನಾನು. ಡಿಪ್ಲೊಮಾ ಮುಗಿಸಿ ಕಾಫಿ ಕಣ, ಹಣ್ಣು ಸುಲಿಯುವ ಪಲ್ಪರ್ ಮನೆ, ಕೂಲಿಯವರ ಲೈನುಮನೆ ಕಟ್ಟಿಕೊಂಡಿದ್ದವನು. “ಅದಕ್ಕೇನಂತೆ ಗೌಡ್ರೇ” ಅಂದುಬಿಟ್ಟೆ. ಮಣ್ಣಿನ ಇಟ್ಟಿಗೆಯ ಜೋಡಿಗೋಡೆ ಎಬ್ಬಿಸಿ, ಎರಡರ ನಡುವೆ ಸುಣ್ಣ ಬೆರೆಸಿದ ಕಾಫಿ ಹೊಟ್ಟು ತುಂಬಿಸಿ, ಅತಿಥಿಗಳಿಗೆಂದು ಎರಡು ಕೋಣೆ ಕಟ್ಟಿಕೊಟ್ಟೆ. ಮೊದಲ ಮಳೆಗಾಲದಲ್ಲೇ ಕಿಟಕಿಯಿಂದ ಮೇಲಕ್ಕೆ ಬೂಷ್ಟು ಹಿಡಿಯಿತು.

ಅದೇ ಸಮಯಕ್ಕೆ ಆ ಕೋಣೆಯಲ್ಲಿ ಬಂದು ಉಳಿದವನು ಯೋಸೆಫ್, ಆಸ್ಟ್ರಿಯಾ ದೇಶದವನು. ಹುಟ್ಟಿನಿಂದ ಬಡಗಿ, ಈಗ ಸ್ವಂತ ತಂಡ ಕಟ್ಟಿಕೊಂಡು ಇಂಥದೇ ಮನೆಗಳನ್ನು ಕಟ್ಟಿಸುವವನು. ನಮ್ಮ ಬೂಷ್ಟನ್ನು ಮೂಗಿಗೆ ಹತ್ತಿರ ಹಿಡಿದು ನೋಡಿದ. ಆಮೇಲೆ ಗೌಡ್ರಿಗೆ ಹೇಳಿದ: “ನನ್ನ ಊರಿಗೆ ಬನ್ನಿ. ಇಂಥ ಒಂದು ಕೆಲಸ ಹೇಗೆ ನಡೆಯುತ್ತದೆ, ನೋಡಿ. ಆಮೇಲೆ ನಿಮ್ಮ ಉಳಿದ ಕೋಣೆಗಳನ್ನು ಕಟ್ಟಲು ನಾನೇ ಬರಬಹುದು.”

ಗೌಡ್ರು ಅವತ್ತೇ ಮೂಡಿಗೆರೆಗೆ ಬಂದು ನನ್ನ ಹಿಡಿದುಕೊಂಡರು. “ಸತೀಶ, ಪಾಸ್‌ಪೋರ್ಟ್ ಮಾಡ್ಸು ಮಾರಾಯ. ನೀ ಬರ್ದೆ ನಂಗೆ ಅಲ್ಲೆಂತ ಅರ್ಥ ಆಗ್ತದೆ? ಖರ್ಚೆಲ್ಲ ನಂದು.”

ಯೋಸೆಫ್ ಒಪ್ಪಿ ಬಂದರೆ ಆ ಕೆಲಸವೆಲ್ಲ ನನ್ನ ಕೈಯಲ್ಲಿ ನಡೆಯುತ್ತದೆ. ಬರದಿದ್ದರೆ ಬೆಂಗಳೂರಿನ ಯಾರಿಗೋ ಹೋಗುತ್ತದೆ. ಇಷ್ಟನ್ನು ತಲೆಯಲ್ಲಿಟ್ಟುಕೊಂಡು ನಾನು ಹೊರಟೆ.

ಆಕಾಶದಲ್ಲಿ

ಗೌಡ್ರು ಮಂಕಿಕ್ಯಾಪ್ ಹಾಕಿಕೊಂಡೇ ವಿಮಾನ ಹತ್ತಿದರು. ಕೈಚೀಲದಲ್ಲಿ ತಮ್ಮ ತೋಟದ ಕಾಫಿಪುಡಿ, ಹಿತ್ತಾಳೆಯ ಫಿಲ್ಟರು. ತಿಂಡಿ ಕೊಡಲು ಬಂದ ಹುಡುಗಿಯ ಹತ್ತಿರ ಬಿಸಿನೀರು ಕೇಳಿ ಅಲ್ಲೇ ಡಿಕಾಕ್ಷನ್ ಇಳಿಸಲು ಕೂತರು. ವಿಮಾನ ಒಮ್ಮೆ ಕುಲುಕಿತು ನೋಡಿ, ಪಕ್ಕದಲ್ಲಿದ್ದ ದೊರೆಯ ಬಿಳಿ ಪ್ಯಾಂಟಿನ ಮೇಲೆ ಡಿಕಾಕ್ಷನ್ ಅಭಿಷೇಕ. ನಾನು ಕಣ್ಣುಮುಚ್ಚಿ ನಿದ್ದೆ ಬಂದವನ ಹಾಗೆ ನಟಿಸಿದೆ. ಗೌಡ್ರು ಮಾತ್ರ ಸ್ವಲ್ಪವೂ ಅಳುಕದೆ ತಮ್ಮ ಕರ್ಚೀಫಿನಲ್ಲಿ ಅವನ ತೊಡೆ ಒರೆಸುತ್ತ, “ಒರಿಜಿನಲ್ ಅರೇಬಿಕಾ” ಅನ್ನುತ್ತಿದ್ದರು.

ನನ್ನ ಪೆಟ್ಟಿಗೆಯಲ್ಲಿದ್ದದ್ದು ಬಟ್ಟೆ, ಉಪ್ಪಿನಕಾಯಿ, ಮತ್ತೆ ಒಂದು ಸಲಾಕೆ. ಈ ಸಲಾಕೆಯ ವಿಷಯ ಹೇಳಲೇಬೇಕು. ನಮ್ಮಪ್ಪ ಆಲ್ದೂರಿನಲ್ಲಿ ಕಾಫಿ ವ್ಯಾಪಾರಿ. ಬೆಳೆಗಾರರು ಚೀಲದ ಬಾಯಿ ಬಿಚ್ಚಿ ತೋರಿಸಿದರೆ ಅಪ್ಪ ಅದರ ಕಡೆ ನೋಡುತ್ತಲೇ ಇರಲಿಲ್ಲ. ಕೊಳವೆಯಂಥ, ಮೊನೆ ಚೂಪಾದ ಕಬ್ಬಿಣದ ಸಲಾಕೆಯನ್ನು ಚೀಲದ ಪಕ್ಕೆಗೆ ಚುಚ್ಚುತ್ತಿದ್ದರು. ಮೇಲೊಂದು, ನಡುವೊಂದು, ಬುಡದಲ್ಲೊಂದು. ಕೊಳವೆಯಲ್ಲಿ ಉರುಳಿ ಬಂದ ಬೀಜವನ್ನು ಅಂಗೈಯಲ್ಲಿ ಆಡಿಸಿದರೆ ಮುಗಿಯಿತು, ಚೀಲದೊಳಗೆ ಒಣಗಿದ್ದೆಷ್ಟು, ಕಲ್ಲೆಷ್ಟು, ಎಲ್ಲ ಗೊತ್ತು. ತೂತನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರೆ ಗೋಣಿಯ ನೂಲು ಮತ್ತೆ ಕೂಡಿಕೊಳ್ಳುತ್ತದೆ. ಬೆಳೆಗಾರ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಅವನ ಕಣ್ಣೆದುರೇ ಚುಚ್ಚುತ್ತಿರುತ್ತಾರೆ, ಅವನು ಮಳೆಯ ಮಾತಾಡುತ್ತಿರುತ್ತಾನೆ. ಚುಚ್ಚದೆ ಕೊಂಡರೇ ಅವನಿಗೆ ಅನುಮಾನ. ಅಪ್ಪ ಹೋದ ಮೇಲೆ ಅಂಥ ಗಿಡ್ಡ ಸಲಾಕೆಯೊಂದು ನನಗೆ ಬಂತು. ಸುಣ್ಣದ ಮೂಟೆ, ಮರಳಿನ ರಾಶಿ, ಎಲ್ಲದಕ್ಕೂ ನಾನು ಅದನ್ನೇ ಚುಚ್ಚುವುದು. ಅದಿಲ್ಲದೆ ಕೆಲಸದ ಜಾಗಕ್ಕೆ ಹೋದರೆ ನನಗೆ ಕೈ ಬರಿದಾದ ಹಾಗಿರುತ್ತದೆ.

ಯೋಸೆಫನ ಊರು

ಆ ಊರೂ ಬೆಟ್ಟದ್ದೇ. ಕಳಸದ ಕಡೆಯ ರಸ್ತೆಯ ಹಾಗೆ ತಿರುವಿನ ಮೇಲೆ ತಿರುವು. ಆದರೆ ಕಾರಿನಲ್ಲಿ ಯಾರೂ ಹಾರನ್ ಮಾಡುವುದಿಲ್ಲ. “ಊರಲ್ಲಿ ಯಾರೋ ಹೋಗಿರ್ಬೇಕು” ಎಂದು ಗೌಡ್ರು ಪಿಸುಗುಟ್ಟಿದರು. ಯಾರೂ ಹೋಗಿರಲಿಲ್ಲ, ಊರಿರುವುದೇ ಹಾಗೆ.

ಮರುದಿನ ಬೆಳಗ್ಗೆ ಯೋಸೆಫ್ ನಮ್ಮನ್ನು ಕೆಲಸದ ಜಾಗಕ್ಕೆ ಕರೆದುಕೊಂಡು ಹೋದ. ಮರದ ಚೌಕಟ್ಟಿನ ಚಿಕ್ಕ ಮನೆ. ಕಟ್ಟಿಸುತ್ತಿದ್ದವಳು ಮರಿಯಾ, ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು, ಗಂಡನಿಲ್ಲ, ಎರಡು ಪುಟ್ಟ ಮಕ್ಕಳು. ಬಾಡಿಗೆ ಮನೆಯ ಯಜಮಾನ ಆ ತಿಂಗಳ ಕೊನೆಗೆ ಮನೆ ಬಿಡು ಎಂದಿದ್ದನಂತೆ. ಅಷ್ಟರೊಳಗೆ ಇಲ್ಲಿಗೆ ಬಂದು ಸೇರಬೇಕು, ಹಿಂದೆಯೇ ಹಿಮ ಬೀಳುವ ಕಾಲ.

ಬಾಗಿಲಲ್ಲಿ ಎಲ್ಲರೂ ಬೂಟು ಬಿಚ್ಚಿದರು. ಮನೆ ಇನ್ನೂ ಮುಗಿದಿಲ್ಲ, ಆದರೂ ಬೂಟು ಹೊರಗೆ! ನನ್ನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಅದನ್ನು ಇನ್ನೊಂದು ಪಾದದಿಂದ ಮುಚ್ಚಿಕೊಂಡು ಕೊಕ್ಕರೆಯ ಹಾಗೆ ನಿಂತೆ. ನಮ್ಮಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಒಳಗೆ ಒಂದು ಲಾರಿ ಕಸವಿರುತ್ತದೆ. ಇಲ್ಲಿ ಮರದ ಹೊಟ್ಟು ಕೂಡ ಬುಟ್ಟಿಯಲ್ಲಿ.

ಕೆಲಸ ಶುರುವಾಗುವ ಮುಂಚೆ ಅವರಲ್ಲೊಂದು ಪದ್ಧತಿ. ಬಡಗಿ, ಕರೆಂಟಿನವನು, ಪೈಪಿನವನು, ಎಲ್ಲರೂ ಕಾಫಿ ಲೋಟ ಹಿಡಿದು ಸುತ್ತ ನಿಲ್ಲುತ್ತಾರೆ. ಯೋಸೆಫ್ ನಡುವೆ. ಒಬ್ಬೊಬ್ಬರೂ ನಿನ್ನೆ ತಾನು ಏನು ತಪ್ಪು ಮಾಡಿದೆ ಎಂದು ಹೇಳಬೇಕು. ಯೋಸೆಫ್ ಅದನ್ನು ನಮಗಾಗಿ ಇಂಗ್ಲಿಷಿಗೆ ತರುತ್ತಿದ್ದ. ಮೊದಲ ದಿನ ಕರೆಂಟಿನವನು, “ಅಡುಗೆಮನೆಯಲ್ಲಿ ತಪ್ಪು ಜಾಗದಲ್ಲಿ ಕೊರೆದೆ” ಅಂದ. ಬೈಗುಳ ಬೀಳುತ್ತದೆ ಎಂದು ನಾನು ಕಾದೆ. ಯೋಸೆಫ್ ತಲೆಯಾಡಿಸಿ ಮುಂದಿನವನ ಕಡೆ ತಿರುಗಿದ, ಅಷ್ಟೇ.

“ಅಲ್ಲ ಸತೀಶ, ಇವ್ರಿಗೆ ಮರ್ಯಾದೆ ಗಿರ್ಯಾದೆ ಇಲ್ವಾ?” ಗೌಡ್ರು ಕೇಳಿದರು. “ಬೆಳಗಾದ್ರೆ ಹತ್ತು ಜನರೆದ್ರು ತಪ್ಪಾಯ್ತು ತಪ್ಪಾಯ್ತು ಅಂತಾರಲ್ಲ!”

ನಮ್ಮಲ್ಲಿ ತಪ್ಪು ಕೊರೆದ ತೂತಿಗೆ ಸಂಜೆಯೊಳಗೆ ಗಾರೆ ಮೆತ್ತಿರುತ್ತದೆ. ಕೇಳಿದರೆ ಪೈಪಿನವನನ್ನು ತೋರಿಸುತ್ತಾರೆ, ಅವನು ಊರಿಗೆ ಹೋಗಿರುತ್ತಾನೆ.

ಗೋಡೆಯೊಳಗೆ ಏನು ತುಂಬುತ್ತೀರಿ ಎಂದು ಕೇಳಿದೆ. ಹಳೇ ಪೇಪರು, ಅಂದರು. ಪುಡಿಮಾಡಿದ ಹಳೇ ನ್ಯೂಸ್‌ಪೇಪರನ್ನು ಕೊಳವೆಯಲ್ಲಿ ಊದಿ ಚೌಕಟ್ಟಿನೊಳಗೆ ಗಟ್ಟಿಯಾಗಿ ತುಂಬುತ್ತಾರಂತೆ. ಅದನ್ನು ತುಂಬಿದವನು ಪೀಟರ್, ತಂಡದಲ್ಲಿ ಎಲ್ಲರಿಗಿಂತ ಹಿರಿಯ, ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ. ಇಂಗ್ಲಿಷ್ ಒಂದಕ್ಷರ ಬಾರದು. ನಾನು ಮಾಂಸ ಮುಟ್ಟುವುದಿಲ್ಲ ಎಂದು ತಿಳಿದ ಮೇಲೆ ಮಧ್ಯಾಹ್ನದ ಊಟಕ್ಕೆ ದಿನಾ ತನ್ನ ಗಿಣ್ಣು ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕೈಗಿಡುತ್ತಿದ್ದ. ಗಿಣ್ಣು ಅಂದರೆ ನಮ್ಮ ಗಿಣ್ಣಲ್ಲ, ಚೀಸು. ಒಗೆಯದ ಸಾಕ್ಸಿನ ವಾಸನೆ. ಅವನ ಪ್ರೀತಿಗೆ ಕಣ್ಮುಚ್ಚಿ ನುಂಗುತ್ತಿದ್ದೆ.

ಗೋಡೆಯ ಒಳಮೈಗೆ ಕಂದು ಬಣ್ಣದ ದಪ್ಪ ಕಾಗದ ಹೊದಿಸಿ, ಅಂಚುಗಳಿಗೆಲ್ಲ ಅಂಟುಪಟ್ಟಿ ಅಂಟಿಸಿದ್ದರು. ಥೇಟ್ ಸಿಮೆಂಟ್ ಚೀಲದ ಕಾಗದ. ಇದರ ಮೇಲೆ ಆಮೇಲೆ ಹಲಗೆ ಬರುತ್ತದೆ. “ಗಾಳಿ ತೂರಬಾರದು, ಅದೇ ಈ ಮನೆಯ ಜೀವ” ಎಂದು ಯೋಸೆಫ್ ತನ್ನ ಇಂಗ್ಲಿಷಿನಲ್ಲಿ ಬಹಳ ಹೊತ್ತು ವಿವರಿಸಿದ. ನಾನು ಕಿಟಕಿಯ ಮಾತು ಎಂದುಕೊಂಡೆ. ಅರ್ಥವಾಗದಿದ್ದರೂ “ಎಸ್, ಎಸ್” ಅನ್ನುವುದು ನನ್ನ ಹಳೇ ಚಾಳಿ.

ಭಾನುವಾರ

ಭಾನುವಾರ ಊರಿಗೆ ಊರೇ ಚರ್ಚಿಗೆ ಹೋಯಿತು. ಗೌಡ್ರು, “ದೇವ್ರು ದೇವ್ರೇ ಬಿಡು” ಎಂದು ತಾವೂ ಹೋದರು. ನಾನು ಸುಮ್ಮನೆ ನಡೆಯುತ್ತ ಮರಿಯಾಳ ಮನೆಯ ಹತ್ತಿರ ಬಂದೆ. ವಾಚ್‌ಮನ್ ಇಲ್ಲ. ಬಾಗಿಲಿಗೆ ಬೀಗ ಇಲ್ಲ. ಒಳಗೆ ಮೆಷಿನುಗಳು ಬಿದ್ದುಕೊಂಡಿವೆ. ಇವರಿಗೆ ಹುಚ್ಚು ಎಂದುಕೊಂಡು ಒಳಗೆ ಹೋದೆ. ಬೂಟು ಬಿಚ್ಚಿಯೇ ಹೋದೆ, ಅಷ್ಟು ಕಲಿತಿದ್ದೆ.

ಆ ಕಂದು ಗೋಡೆಗಳ ಮುಂದೆ ನಿಂತಾಗ ನನಗೆ ತಡೆಯಲಾಗಲಿಲ್ಲ. ಈ ಕಾಗದದ ಹಿಂದೆ ನಿಜವಾಗಿಯೂ ತುಂಬಿದ್ದಾರೆಯೆ? ತುಂಬಿದ್ದರೆ ಎಲ್ಲಿಯವರೆಗೆ? ಮೇಲೆ ಹಲಗೆ ಬಡಿದುಬಿಟ್ಟರೆ ದೇವರಿಗೂ ಗೊತ್ತಾಗುವುದಿಲ್ಲ. ಇಂಥ ಕೆಲಸದಲ್ಲಿ ಆಗುವುದೇ ಹಾಗೆ. ಕಿಟಕಿಯ ಮಟ್ಟಕ್ಕೆ ಬರುವಾಗ ಸಾಮಾನು ಮುಗಿಯುತ್ತದೆ. ಲಾರಿ ಬರುವುದಿಲ್ಲ, ಮಳೆ ಬರುತ್ತದೆ. ಗಾರೆಯವರು ಕಾದು ಕೂತಿರುತ್ತಾರೆ, ಯಜಮಾನರು ಎಂದು ಮುಗಿಯುತ್ತದೆ ಎಂದು ದಿನಾ ಕೇಳುತ್ತಾರೆ. ಆಗ ಮೇಲುಗಡೆ ಟೊಳ್ಳು ಬಿಟ್ಟು ಬಾಯಿ ಮುಚ್ಚಿಬಿಡುತ್ತಾರೆ. ನನಗೆ ಇದು ಹೇಗೆ ಗೊತ್ತು ಅಂದರೆ, ಗೊತ್ತು, ಅಷ್ಟೆ.

ಜೇಬಿನಿಂದ ಸಲಾಕೆ ತೆಗೆದು ಚುಚ್ಚಿದೆ. ಬುಡದಲ್ಲೊಂದು. ಬೂದು ಬಣ್ಣದ ಪೇಪರಿನ ಚೂರು ಬಂತು, ಒಂದರ ಮೇಲೆ ಅರ್ಧ ಅಕ್ಷರವೂ ಇತ್ತು. ನಡುವೊಂದು, ಅಲ್ಲೂ ಗಟ್ಟಿ. ಏಣಿ ಹತ್ತಿ ಮೇಲೊಂದು. ಮೇಲೂ ಗಟ್ಟಿ! ನನಗೆ ಖುಷಿಯಾಗಬೇಕಿತ್ತು ತಾನೆ? ಸಿಟ್ಟು ಬಂತು. ಈ ಗೋಡೆ ರಸ್ತೆಯ ಕಡೆಯದು, ಕಾಣುವ ಗೋಡೆ, ಅದಕ್ಕೇ ತುಂಬಿದ್ದಾರೆ ಎಂದು ಹಿಂದಿನ ಗೋಡೆಗೆ ಹೋದೆ. ಅಲ್ಲಿಂದ ಮಲಗುವ ಕೋಣೆಗೆ, ಬಚ್ಚಲಿಗೆ, ಮೆಟ್ಟಿಲ ಹಿಂದಿನ ಮೂಲೆಗೆ. ಒಂದು ಕಡೆಯಾದರೂ ಟೊಳ್ಳು ಸಿಗಲಿ ಎಂದು ಹುಡುಕಿದೆ. ಎಲ್ಲೂ ಸಿಗಲಿಲ್ಲ. ಪ್ರತಿ ತೂತನ್ನೂ ಹೆಬ್ಬೆರಳಿನಿಂದ ಉಜ್ಜಿ ಮುಚ್ಚಿದೆ. ಚುಚ್ಚಿದ್ದು ಕಾಣುತ್ತಿರಲಿಲ್ಲ.

ಫ್ಯಾನು

ಮರುದಿನ ಬೆಳಗ್ಗೆ ದೂರದ ಪಟ್ಟಣದಿಂದ ಒಬ್ಬ ಮನುಷ್ಯ ದೊಡ್ಡ ಫ್ಯಾನು ತಂದ. ಮುಂಬಾಗಿಲಿಗೆ ಕೆಂಪು ಬಟ್ಟೆ ಬಿಗಿದು, ನಡುವೆ ಫ್ಯಾನು ಕೂರಿಸಿ, ಮನೆಯೊಳಗಿನ ಗಾಳಿಯನ್ನು ಹೊರಗೆ ಎಳೆಯಲು ಶುರುಮಾಡಿದ. ಹೊರಗಿನ ಗಾಳಿ ಎಷ್ಟು ನುಗ್ಗಿ ಬರುತ್ತದೆ ಎಂದು ಅಳೆಯುತ್ತಾರಂತೆ. ಹೆಚ್ಚು ನುಗ್ಗಿದರೆ ಮನೆ ಫೇಲು. ಪಾಸಾಗುವವರೆಗೆ ಒಳಗಿನ ಹಲಗೆ ಬಡಿಯುವಂತಿಲ್ಲ. ಈ ಫ್ಯಾನಿನವನು ಇವತ್ತು ಹೋದರೆ ಮತ್ತೆ ಸಿಗುವುದು ಮುಂದಿನ ತಿಂಗಳು. ಮರಿಯಾ ಶಾಲೆಗೆ ರಜೆ ಹಾಕಿ ಬಂದು ಮೂಲೆಯಲ್ಲಿ ನಿಂತಿದ್ದಳು, ಸೆರಗಿಲ್ಲದ ಕಾರಣ ಕೋಟಿನ ಅಂಚನ್ನು ತಿರುಚುತ್ತ.

ಆಗ ನನಗೆ ಅರ್ಥವಾಯಿತು. ಆ ಸಿಮೆಂಟ್ ಚೀಲದಂಥ ಕಾಗದ ಯಾಕಿತ್ತು, ಮನೆಯ ಜೀವ ಅಂದರೆ ಏನು, ಎಲ್ಲವೂ.

ಫ್ಯಾನಿನವನು ತಲೆ ಅಲ್ಲಾಡಿಸಿದ. ಫೇಲು. ಬಹಳ ಇಲ್ಲ, ಸ್ವಲ್ಪದರಲ್ಲಿ ಫೇಲು.

ಯೋಸೆಫ್ ಎಲ್ಲರನ್ನೂ ಸುತ್ತ ನಿಲ್ಲಿಸಿದ. ಕೇಳುವ ಮೊದಲೇ ಕರೆಂಟಿನವನು, “ನನ್ನ ವೈರಿನ ಹತ್ತಿರ ಇರಬಹುದು” ಅಂದ. ಪೈಪಿನವನು, “ಇಲ್ಲ, ಬಚ್ಚಲಲ್ಲಿ ನಾನೇ ಅವಸರ ಮಾಡಿದೆ” ಅಂದ. ಪೀಟರ್ ಕೂಡ ಏನೋ ಹೇಳಿದ, ಊದುವಾಗ ಕಾಗದಕ್ಕೆ ಭಾರ ಬಿದ್ದಿರಬಹುದು ಎಂದು. ಪ್ರತಿಯೊಬ್ಬನೂ ಮಾಡದ ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳುತ್ತಿದ್ದ. ಮಾಡಿದ ನಾನು ಕಾಫಿ ಲೋಟ ಹಿಡಿದು, ಬಹಳ ಯೋಚನೆಯಲ್ಲಿರುವವನ ಹಾಗೆ ಸೂರು ನೋಡುತ್ತಿದ್ದೆ. ಥೂ ನನ್ನ ಜನ್ಮಕ್ಕೆ!

ಮತ್ತೆ ಫ್ಯಾನು ಹಾಕಿ, ಹೊಗೆ ಬಿಡುವ ಸಣ್ಣ ಕಡ್ಡಿ ಹಿಡಿದು ಗೋಡೆಗುಂಟ ಹೋದರು. ರಸ್ತೆಯ ಕಡೆಯ ಗೋಡೆಗೆ ಬಂದಾಗ ಹೊಗೆ ಚದುರಿತು. ಕಾಗದದಿಂದ ಬೂದು ಹೂವಿನಂಥ ಚೂರು ಪುಸಕ್ಕನೆ ಹಾರಿತು. ಅದರ ಕೆಳಗೊಂದು. ಅದರ ಕೆಳಗೆ ಇನ್ನೊಂದು. ಒಂದೇ ಸಾಲಿನಲ್ಲಿ.

ಆ ಕೋಣೆಯಲ್ಲಿದ್ದವರಿಗೆ ಯಾರಿಗೂ ಅದೇನೆಂದು ತಿಳಿಯಲಿಲ್ಲ. ತಿಳಿದದ್ದು ನನ್ನನ್ನು ಬಿಟ್ಟರೆ ಒಬ್ಬರಿಗೆ ಮಾತ್ರ. ಮಂಜಪ್ಪಗೌಡ್ರು ಹುಟ್ಟಿದಂದಿನಿಂದ ತಮ್ಮ ಚೀಲಗಳನ್ನು ಆಲ್ದೂರಿನ ವ್ಯಾಪಾರಿಗಳ ಮುಂದೆ ಇಟ್ಟವರು. ಅವರು ತೂತು ನೋಡಿದರು. ನನ್ನ ನೋಡಿದರು.

“ಸತೀಶ,” ಅಂದರು ಮೆಲ್ಲಗೆ, “ಇದು ನಮ್ಮೂರ ತೂತು.”

ನಾನು ಸಲಾಕೆಯಿದ್ದ ಜೇಬನ್ನು ಕೈಯಿಂದ ಮುಚ್ಚಿಕೊಂಡೆ.

“ಎಂಥ ಕೆಲ್ಸ ಮಾಡ್ದ್ಯಾ ಮಾರಾಯ! ಸುಮ್ನಿರು, ನಾ ನೋಡ್ಕಳ್ತೀನಿ.” ಯೋಸೆಫನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು: “ರ್ಯಾಟ್! ಇಲಿ! ನಮ್ಮ ಕಡೆ ಗೋಡೌನಲ್ಲಿ ಹೀಗೇ ಮಾಡ್ತವೆ. ವೆರಿ ಬ್ಯಾಡ್ ರ್ಯಾಟ್!”

ನನಗೆ ಉಸಿರು ಬಂತು. ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ಗೌಡ್ರ ಕಾಲಿಗೆ ಬೀಳೋಣ ಅನ್ನಿಸಿತು.

ಆದರೆ ಯೋಸೆಫನ ಮುಖ ಕಪ್ಪಿಟ್ಟಿತು. ಪ್ರಾಣಿ ಒಳಗೆ ಹೊಕ್ಕಿದ್ದರೆ ಗೋಡೆಯನ್ನೇ ಬಿಚ್ಚಬೇಕು, ಪೇಪರೆಲ್ಲ ತೆಗೆದು ಹುಡುಕಬೇಕು ಅಂದ. ವಾರಗಳ ಕೆಲಸ. ಅವನು ಅದನ್ನು ತನ್ನ ಭಾಷೆಯಲ್ಲಿ ಮರಿಯಾಳಿಗೆ ಹೇಳಿದ. ಅವಳು ಕೂಗಾಡಲಿಲ್ಲ. ಕೆಳಗಿಟ್ಟಿದ್ದ ಹಲಗೆಯ ರಾಶಿಯ ಮೇಲೆ ಕೂತಳು, ಮುಖಕ್ಕೆ ಎರಡು ಕೈ ಹಿಡಿದಳು. ಪೀಟರ್ ಆಗಲೇ ಸುತ್ತಿಗೆ ಹಿಡಿದು ಗೋಡೆಯ ಹೊರಮೈಯ ಹಲಗೆ ಬಿಚ್ಚಲು ಹೊರಟಿದ್ದ.

“ಇಲಿ ಅಲ್ಲ,” ಅಂದೆ. ಯಾರೂ ತಿರುಗಿ ನೋಡಲಿಲ್ಲ. ಮತ್ತೊಮ್ಮೆ ಹೇಳಿದೆ. ಜೇಬಿನಿಂದ ಸಲಾಕೆ ತೆಗೆದು ಯೋಸೆಫನ ಮುಂದೆ ಬೆಂಚಿನ ಮೇಲಿಟ್ಟೆ. “ನಿನ್ನೆ, ನಾನು. ಎಲ್ಲ ಕೋಣೆಯಲ್ಲೂ.”

ಗೌಡ್ರು ಮುಖ ಆಚೆ ತಿರುಗಿಸಿದರು. ಯೋಸೆಫ್ ಸಲಾಕೆ ಎತ್ತಿ ಅದರ ಮೊನೆ ನೋಡಿದ, ಕೊಳವೆಯೊಳಗೆ ಉಳಿದಿದ್ದ ಪೇಪರಿನ ಚೂರು ನೋಡಿದ.

“ಏನು ಹುಡುಕಿದೆ?”

“ತುಂಬಿದೆಯೋ ಇಲ್ಲವೋ ಅಂತ.”

“ತುಂಬಿತ್ತಾ?”

“ಮೇಲಿನವರೆಗೂ ತುಂಬಿತ್ತು.”

ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎಲ್ಲರಿಗೂ ಅವರ ಭಾಷೆಯಲ್ಲಿ ಹೇಳಿ, ಅಂಟುಪಟ್ಟಿಯ ಸುರುಳಿ ತಂದು ನನ್ನ ಕೈಗಿಟ್ಟ. ಬೆಳಗ್ಗೆ ತಪ್ಪು ಹೇಳಿದವರಿಗೆ ತಲೆಯಾಡಿಸುತ್ತಿದ್ದನಲ್ಲ, ಹಾಗೆಯೇ ನನಗೂ ತಲೆಯಾಡಿಸಿದ.

ಅಂಟುಪಟ್ಟಿ

ಎಲ್ಲಿ ಚುಚ್ಚಿದೆ ಎಂದು ಗೊತ್ತಿದ್ದವನು ನಾನೊಬ್ಬನೇ. ಹಾಗಾಗಿ ನಾನು ತೋರಿಸುತ್ತ ಹೋಗಬೇಕು. “ಇಲ್ಲಿ. ಇಲ್ಲಿ. ಮೇಲೆ ಇನ್ನೊಂದು.” ಬಚ್ಚಲಿಗೆ ಹೋದಾಗ ಪೈಪಿನವನು, “ಇಲ್ಲೂನಾ?” ಅನ್ನುವ ಹಾಗೆ ಹುಬ್ಬೇರಿಸಿದ. ಮೆಟ್ಟಿಲ ಹಿಂದಿನ ಮೂಲೆಗೆ ಕರೆದೊಯ್ದಾಗ ಯಾರೋ ನಕ್ಕರು. ಅಲ್ಲಿಗೆ ತೂರಬೇಕಾದರೆ ಬಗ್ಗಿ, ಒರಗಿ, ತೆವಳಿ ಹೋಗಬೇಕು. ಅಷ್ಟು ಕಷ್ಟಪಟ್ಟು ನಾನು ಅವರ ಕಳ್ಳತನ ಹುಡುಕಿದ್ದೆ ಎಂಬುದು ಆ ಮೂಲೆಯಲ್ಲಿ ಎಲ್ಲರಿಗೂ ಕಂಡಿತು. ನನ್ನ ಕಿವಿ ಸುಡುತ್ತಿತ್ತು. ಪಟ್ಟಿ ಬೆರಳಿಗೆ ಅಂಟಿ ಸುತ್ತಿಕೊಂಡಿತು. ಪಕ್ಕದಿಂದ ಬಂದ ದೊಡ್ಡ ಕೈಯೊಂದು ಅದನ್ನು ಬಿಡಿಸಿಕೊಟ್ಟಿತು, ಪೀಟರನದು. ಅವನು ಏಣಿ ಹಿಡಿದುಕೊಂಡ, ಆದರೆ ನನ್ನ ಮುಖ ನೋಡಲಿಲ್ಲ.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತರು. ಪೀಟರ್ ಎಂದಿನಂತೆ ರೊಟ್ಟಿ ಮುರಿದು ಅರ್ಧ ನನ್ನ ಮುಂದಿಟ್ಟು ಎದ್ದು ಆಚೆ ಹೋಗಿ ಕೂತ. ಆ ರೊಟ್ಟಿ ನನಗೆ ಇಳಿಯಲಿಲ್ಲ.

ಗೌಡ್ರು ಪಕ್ಕಕ್ಕೆ ಬಂದು ಕೂತರು. ಆಮೇಲೆ, “ಚುಚ್ಚೂದಾದ್ರೆ ಎದ್ರಿಗೆ ಚುಚ್ಬೇಕು ಮಾರಾಯ. ನಿಮ್ಮಪ್ಪ ಹಾಗೇ ಮಾಡ್ತಿದ್ದಿದ್ದು” ಅಂದರು.

ಸಂಜೆಗೆ ಮತ್ತೆ ಫ್ಯಾನು ತಿರುಗಿತು. ಪಾಸು. ಮರಿಯಾ ಎಲ್ಲರ ಕೈ ಕುಲುಕಿದಳು. ನನ್ನ ಹತ್ತಿರ ಬಂದಾಗ ನಾನು ಕೈ ಹಿಂದೆ ಕಟ್ಟಿಕೊಂಡೆ. ಅವಳು ಬಿಡಲಿಲ್ಲ, ಎಳೆದು ಕುಲುಕಿದಳು.

ಹೊರಟ ದಿನ

ಬೀಳ್ಕೊಡಲು ತಂಡದವರೆಲ್ಲ ಯೋಸೆಫನ ಅಂಗಳಕ್ಕೆ ಬಂದಿದ್ದರು. ಗೌಡ್ರು ಉಳಿದ ಕಾಫಿಪುಡಿಯನ್ನೆಲ್ಲ ಹಂಚಿದರು. ಮರಿಯಾಳ ಮನೆಯಲ್ಲಿ ಹಲಗೆ ಬಡಿಯುವ ಕೆಲಸ ಶುರುವಾಗಿತ್ತು, ಅವಳು ಹೊತ್ತಿಗೆ ಸರಿಯಾಗಿ ಮನೆ ಸೇರುವಳು. ಆ ಒಂದು ಸಮಾಧಾನ ನನಗಿತ್ತು.

“ಹಾಗಾದ್ರೆ ನಮ್ಮ ಕಡೆ ಬರೋದು?” ಗೌಡ್ರು ಕೇಳಿಯೇಬಿಟ್ಟರು. ನಾನು ನೆಲ ನೋಡುತ್ತ ನಿಂತೆ.

“ಬರ್ತೀನಿ,” ಅಂದ ಯೋಸೆಫ್. “ನಿಮ್ಮ ಮಳೆ ಮುಗಿದ ಮೇಲೆ. ತಪ್ಪು ಹೇಳುವವನ ಜೊತೆ ಕೆಲಸ ಮಾಡಬಹುದು.”

ನನ್ನ ಕಣ್ಣು ಮಂಜಾಯಿತು. ಅಷ್ಟರಲ್ಲಿ ಪೀಟರ್ ಮುಂದೆ ಬಂದ. ಆ ದಿನದ ನಂತರ ಮೊದಲ ಸಲ ನನ್ನ ಮುಖ ನೇರ ನೋಡಿ ಏನೋ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕು ಎಂಬಂತಿತ್ತು.

ಯೋಸೆಫ್ ತಡವರಿಸಿ ಇಂಗ್ಲಿಷಿಗೆ ತಂದ: “ಅವನು ಕೇಳ್ತಿದ್ದಾನೆ, ನಿಮ್ಮೂರಲ್ಲಿ ನೀವು ತುಂಬಿದ ಗೋಡೆಯನ್ನ ಚುಚ್ಚಿ ನೋಡೋರು ಯಾರು?”

ಜಾವಳಿಯ ಗೋಡೆಗೆ ಕಿಟಕಿಯಿಂದ ಮೇಲಕ್ಕೆ ಹಿಡಿದ ಬೂಷ್ಟು ನನ್ನ ಕಣ್ಣಮುಂದೆ ಬಂತು. ನಾನು ಬಾಯಿ ತೆರೆದೆ. ಮಾತು ಹೊರಡುವ ಮೊದಲೇ ಗೌಡ್ರು ನನ್ನ ಭುಜದ ಮೇಲೆ ಕೈಹಾಕಿದರು. ಆ ಫ್ಯಾನಿನ ದಿನ ನನಗಾದ ಗಾಯಕ್ಕೆ ಮುಲಾಮು ಹಚ್ಚುವವರ ಹಾಗೆ, ನಾಲ್ಕು ಜನಕ್ಕೆ ಕೇಳಲಿ ಎಂದು ದನಿಯೆತ್ತಿ ತಮ್ಮ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದರು.

“ಯಾರೂ ನೋಡೂದಿಲ್ಲ ಅಂತ ಹೇಳಿ ಅವ್ರಿಗೆ. ನಮ್ಮ ಮನೆ ಕಟ್ಟಿದ್ದೂ ಇವ್ನೇ. ನಾವು ಇವ್ನನ್ನ ನಂಬ್ತೀವಿ.”

ಯೋಸೆಫ್ ಅದನ್ನು ಪೀಟರನ ಭಾಷೆಯಲ್ಲಿ ಹೇಳಿದ. ಪೀಟರ್ ಗೌಡ್ರನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ, ಕಾರು ಹೊರಡುವವರೆಗೂ ನೋಡುತ್ತಲೇ ಇದ್ದ.